ಬಾಗಿಲು ಹಾಕಿಕೊಂಡು ಬೈದ ಪ್ರಕರಣ

ಚಾಮರಾಜನಗರದಲ್ಲಿ ನಾನು ಡಿವೈಎಸ್ಪಿ ಆಗಿದ್ದ ಎರಡನೆಯ ವರ್ಷ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳನ್ನು ಆ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ ಗುಂಡ್ಲುಪೇಟೆ ಕಡೆಯ ದೂರುಗಳೂ ನನ್ನ ಮೇಜಿಗೇ ಬರುತ್ತಿದ್ದವು.

ತೆರಕಣಾಂಬಿಯಿಂದಾಚೆಯ ಒಂದು ಹಳ್ಳಿಯಲ್ಲಿ, ಹಾಲಿನ ಡೈರಿಯ ಮುಂದೆ, ಕಾಯ್ದೆಯ ಬಗ್ಗೆ ಅರಿವು ಸಭೆ ನಡೆಸಿದ್ದೆ. ಮಳೆ ಹನಿಯುತ್ತಿತ್ತೆಂದು ನೆನಪು. ದಿನಚರಿಯಲ್ಲಿ ಬಿಸಿಲೆಂದು ಬರೆದುಕೊಂಡಿದ್ದೇನೆ. ಎರಡರಲ್ಲಿ ಒಂದು ಸುಳ್ಳು. ಸಾರ್ವಜನಿಕರ ಕಣ್ಣೆದುರು ಜಾತಿ ಹಿಡಿದು ಬೈದರೆ ಜೈಲು ಎಂದು ವಿವರಿಸಿದ್ದು ಮಾತ್ರ ನಿಜ. ಡೈರಿಯ ಕಾರ್ಯದರ್ಶಿ ಮುಂದಿನ ಸಾಲಿನಲ್ಲಿ ಕೂತು ಶ್ರದ್ಧೆಯಿಂದ ಕೇಳಿಸಿಕೊಂಡಿದ್ದರು.

ಎರಡು ತಿಂಗಳ ಮೇಲೆ ಮಾದೇವಮ್ಮ ದೂರು ಕೊಟ್ಟರು. ಪರಿಶಿಷ್ಟರ ಕಾಲೊನಿಯವರು; ಹೊಸದಾಗಿ ಹಸು ಕಟ್ಟಿದ್ದರು. ಹಾಲು ಹಾಕಲು ಎಲ್ಲರ ಜೊತೆ ಸಾಲಿನಲ್ಲಿ ನಿಂತಾಗ ಕಾರ್ಯದರ್ಶಿ ಒಳಕೋಣೆಗೆ ಕರೆದು, ಬಾಗಿಲು ಹಾಕಿ, ಜಾತಿ ಹೆಸರಿನಿಂದ ಬೈದು, ಇನ್ನುಮೇಲೆ ಎಲ್ಲರೂ ಹೋದ ಮೇಲೆ ಬಾ ಎಂದರಂತೆ.

ವಿಚಾರಿಸಲು ಹೋದೆ. ಕಾರ್ಯದರ್ಶಿ ಅಲ್ಲಗಳೆಯಲಿಲ್ಲ.

"ನೀವೇ ಏಳ್ಕೊಟ್ರಲ್ಲ ಸಾ, ನಾಕ್ ಜನದ ಎದುರ್ಗ ಬಯ್ಬಾರ್ದು ಅಂತ. ಅದ್ಕೇ ಬಾಗ್ಲು ಹಾಕ್ಬುಟ್ಟು ಮಾತಾಡ್ದೆ ಕಣಿ."

ಪೊಲೀಸರ ಮುಂದೆ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಕೋಣೆಯಲ್ಲಿ ಮೂರನೆಯವರಿರಲಿಲ್ಲ. ಸಾಲಿನಲ್ಲಿದ್ದ ಹನ್ನೊಂದು ಜನರೂ ಏನೂ ಕೇಳಿಸಲಿಲ್ಲ ಎಂದರು. ಪುರಾವೆ ಸಾಲದೆಂದು ಪ್ರಕರಣ ಮುಗಿಸುವ 'ಬಿ' ವರದಿ ಬರೆದೆ.

ವಿಷಯ ತಿಳಿಸಲು ಮಾದೇವಮ್ಮನವರನ್ನು ಕಚೇರಿಗೆ ಕರೆಸಿದೆ. ಅವರು ಅಳಲಿಲ್ಲ.

"ಬಯ್ಯೋರ್ಗ ಮೀಟಿಂಗ್ ಮಾಡಿ ಕಲ್ಸ್‌ಬುಟ್ರಿ ಸಾಮಿ. ನಮ್ ಬೀದಿಗೂ ಒಂದ್ಸಲ ಬಂದು ಏಳ್ಕೊಡಿ, ಎಲ್ಲಿ ನಿಂತ್ಕಂಡು ಬಯ್ಸ್ಕಬೇಕು ಅಂತ."

ನಗುತ್ತಾ ಹೇಳಿದರೋ ಇಲ್ಲವೋ, ನಾನು ಫೈಲು ನೋಡುತ್ತಿದ್ದೆ.

ಮುಂದಿನದು ನಾನು ಕಂಡದ್ದಲ್ಲ. ಬೀಟ್ ಕಾನ್‌ಸ್ಟೆಬಲ್ ಹೇಳಿದ್ದು. ಬಾಯಿಂದ ಬಾಯಿಗೆ ಬರುವಾಗ ಇಂಥವು ಅಗತ್ಯಕ್ಕಿಂತ ಚಂದವಾಗುತ್ತವೆ. ಮಾದೇವಮ್ಮ ಮರುದಿನ ಬೆಳಿಗ್ಗೆ ಮತ್ತೆ ಸಾಲಿನ ನಡುವೆ ನಿಂತರು. ಕಾರ್ಯದರ್ಶಿ ಒಳಕ್ಕೆ ಕರೆದರು. ಅವರು ಕದಲಲಿಲ್ಲ.

"ಅದೇನದೋ ಇಲ್ಲೇ ಏಳಿ. ಎಲ್ರೂ ಕೇಳ್ಲಿ."

ಕಾರ್ಯದರ್ಶಿ ಹಾಲು ಅಳೆದುಕೊಂಡರು.

ಕಾಯ್ದೆಗೆ ಹೆದರಿ ದ್ವೇಷ ನಿಲ್ಲುತ್ತದೆಯೇ ಎಂದು ನಿವೃತ್ತಿಯ ಮೇಲೂ ಕೇಳುತ್ತಾರೆ. ದ್ವೇಷದ ವಿಷಯ ನನಗೆ ಗೊತ್ತಿಲ್ಲ. ಆ ಬೆಳಿಗ್ಗೆ ಒಂದು ಬಾಯಿಯಂತೂ ನಿಂತಿತು. ಅದನ್ನು ನಿಲ್ಲಿಸಿದ್ದರಲ್ಲಿ ಕಾಯ್ದೆಯ ಪಾಲೆಷ್ಟು, ಮಾದೇವಮ್ಮನ ಪಾಲೆಷ್ಟು ಎಂದು ವಿಂಗಡಿಸಲು ನನಗೆ ಬಂದಿಲ್ಲ. ಅಂದಿನಿಂದ ಅರಿವು ಸಭೆಗಳನ್ನು ಮೊದಲು ಕಾಲೊನಿಯಲ್ಲಿ ನಡೆಸಿದೆ.