ನಾಯಿಯ ಮಂಡಿ, ನದಿಯ ಚಿಪ್ಪು

ನಮ್ಮ ಕಾಲೇಜಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಅಧ್ಯಾಪಕರ ಸಾಧನೆಗಳ ಪಟ್ಟಿ ಹೊರಬರುತ್ತದೆ. ಯಾರ ಲೇಖನ ಎಲ್ಲಿ ಅಚ್ಚಾಯಿತು, ಯಾರಿಗೆ ಯಾವ ಪ್ರಶಸ್ತಿ ಬಂತು, ಯಾರು ಯಾವ ಊರಿನ ಸಮ್ಮೇಳನದಲ್ಲಿ ಮಾತಾಡಿ ಬಂದರು ಎಂಬುದೆಲ್ಲ ಅದರಲ್ಲಿರುತ್ತದೆ. ಎಲ್ಲರೂ ಮೊದಲು ತಮ್ಮ ಹೆಸರು ಹುಡುಕುತ್ತಾರೆ, ಆಮೇಲೆ ತಮಗಾಗದವರ ಹೆಸರು. ಓದುವುದು ಅಷ್ಟೇ. ಜೀವಶಾಸ್ತ್ರ ವಿಭಾಗದ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಕೂತಿರುವ ನಾನು ಇದನ್ನು ಆಣೆ ಮಾಡಿ ಹೇಳಬಲ್ಲೆ.

ನಮ್ಮ ವಿಭಾಗದ ಅಧ್ಯಾಪಕ ಆರ್ವಿಡ್ ಹೌಟಲಾ ಅವರ ಹೆಸರು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಪಟ್ಟಿಯಲ್ಲಿ ಬಂದಿರಲಿಲ್ಲ. ಉದ್ದನೆಯ ಆಳು, ಸ್ವಲ್ಪ ಬಾಗಿದ ಬೆನ್ನು, ಬಾಗಿಲ ಬಳಿ ಯಾವಾಗಲೂ ಒದ್ದೆ ಬೂಟು. ಪ್ರತಿ ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸ್ಟಂಪ್ ನದಿಗೆ ಇಳಿಯುವರು. ತಳದ ಕಲ್ಲುಗಳ ಸಂದಿಯಲ್ಲಿರುವ ಚಿಪ್ಪುಜೀವಿಗಳನ್ನು ಒಂದೊಂದಾಗಿ ಎತ್ತಿ, ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದು, ತೆಗೆದ ಜಾಗದಲ್ಲೇ ಇಟ್ಟು ಬರುವರು.

"ಒಂದು ಲೇಖನ ಬರೀರಿ ಮಾರಾಯ್ರೆ" ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

"ಇನ್ನೂ ಎಣಿಸ್ತಾ ಇದೀನಲ್ಲ ವಿಲ್ಮಾ" ಎನ್ನುವರು.

ಈ ವರ್ಷ ವಿದ್ಯಾರ್ಥಿಗಳ ಸಂಖ್ಯೆ ಇಳಿದಿತ್ತು. ವಿಭಾಗದಲ್ಲಿ ಒಂದು ಹುದ್ದೆ ಹೋಗುವುದು ಖಚಿತವಾಗಿತ್ತು. ಆರ್ವಿಡ್ ಅವರ ಒಪ್ಪಂದ ಮೇ ತಿಂಗಳಿಗೆ ಮುಗಿಯುತ್ತಿತ್ತು. ಸಾಧನೆ ಇಲ್ಲದವರ ಕೆಲಸ ಮೊದಲು ಹೋಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಆಗ ಪಟ್ಟಿ ಬಂತು. ಈಗೀಗ ಅದನ್ನು ಕಂಪ್ಯೂಟರೇ ಮಾಡುತ್ತದೆ. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ನಮ್ಮವರ ಹೆಸರು ಹುಡುಕಿ ಸಾಲಾಗಿ ಜೋಡಿಸಿಕೊಡುತ್ತದೆ. ಸರಿಯಿದೆಯೇ ಎಂದು ನೋಡಿ ಗುಂಡಿ ಒತ್ತುವುದು ನನ್ನ ಕೆಲಸ. 'ಎ. ಹೌಟಲಾ' ಎಂಬ ಹೆಸರು ನಾಲ್ಕು ಲೇಖನಗಳಿಗೆ ಅಂಟಿಕೊಂಡಿತ್ತು. ನನಗೆ ಕಣ್ಣು ತುಂಬಿ ಬಂತು. ಅದೇ ಖುಷಿಯಲ್ಲಿ ಗುಂಡಿ ಒತ್ತಿಬಿಟ್ಟೆ. ಓದಲಿಲ್ಲ.

ಮರುದಿನ ಬೆಳಿಗ್ಗೆ ಗಣಿತದ ಗಾರ್ನೆಟ್ ತನ್ನ ಕುಂಟುವ ನಾಯಿಯನ್ನು ಎಳೆದುಕೊಂಡು ಆರ್ವಿಡ್ ಅವರ ಕೋಣೆಗೆ ಬಂದಳು.

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ನೀವು. ಇದರ ಎಡಗಾಲು ಒಂಚೂರು ನೋಡಿ."

ಆರ್ವಿಡ್ ನಾಯಿಯನ್ನು ನೋಡಿದರು. ನಾಯಿಯೂ ಅವರನ್ನು ನೋಡಿತು. ಅವಳು ಹೋದ ಮೇಲೆ ಪಟ್ಟಿ ಹಿಡಿದು ನನ್ನ ಮೇಜಿಗೆ ಬಂದರು.

"ವಿಲ್ಮಾ, ನಾನು ನಾಯಿಗಳ ಮಂಡಿ ಆಪರೇಷನ್ ಬಗ್ಗೆ ಮೂರು ಲೇಖನ ಬರ್ದಿದೀನಂತೆ."

ಕಂಪ್ಯೂಟರಿನಲ್ಲಿ ಆ ಹೆಸರು ಹುಡುಕಿದೆ. ಫಿನ್‌ಲ್ಯಾಂಡಿನಲ್ಲಿ ಇನ್ನೊಬ್ಬ ಎ. ಹೌಟಲಾ ಇದ್ದ, ಪಶುವೈದ್ಯ. ಕಂಪ್ಯೂಟರ್ ಇಬ್ಬರನ್ನೂ ಒಬ್ಬನೇ ಮಾಡಿತ್ತು. ಬೇರೆ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಪಕ್ಕದ ಕೋಣೆಯವರು ಏನು ಸಂಶೋಧನೆ ಮಾಡುತ್ತಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ ನಮಗೆ ಗೊತ್ತಿಲ್ಲವೆಂದು ಅವರಿಗೆ ಗೊತ್ತಾಗುತ್ತದೆ. ಅದಕ್ಕೇ ಅಭಿನಂದಿಸಿ ಮುಂದೆ ಹೋಗುವುದು ರೂಢಿ.

ಮಧ್ಯಾಹ್ನ ಡೀನ್ ಮೇಡಂ ಎದುರು ಸಿಕ್ಕಿ ಆರ್ವಿಡ್ ಅವರ ಕೈ ಕುಲುಕಿದರಂತೆ. "ಹುದ್ದೆ ತೀರ್ಮಾನಿಸೋ ಸಮಿತಿಯವರಿಗೆ ತುಂಬಾ ಸಂತೋಷ ಆಗಿದೆ. ಇನ್ನು ನಿಮಗೆ ಚಿಂತೆ ಬೇಡ ಅನ್ಸುತ್ತೆ."

ಆರ್ವಿಡ್ ಎರಡು ದಿನ ದಿಕ್ಕು ತಪ್ಪಿದವರಂತೆ ಓಡಾಡಿದರು. ಕಾಫಿ ಬಗ್ಗಿಸಿಕೊಂಡು ಕುಡಿಯದೆ ಹೋಗುವರು, ಮತ್ತೆ ಬಂದು ಬಗ್ಗಿಸಿಕೊಳ್ಳುವರು.

"ಸುಮ್ನಿದ್ರೆ ಕೆಲಸ ಉಳಿಯುತ್ತೆ, ಬಾಯಿ ಬಿಟ್ರೆ ಹೋಗುತ್ತೆ. ಸುಳ್ಳು ನಾನು ಹೇಳಿಲ್ಲ. ಆದ್ರೆ ಥ್ಯಾಂಕ್ಸ್ ಅಂದ್ಬಿಟ್ಟೆ. ಅದು ಸುಳ್ಳಾ ವಿಲ್ಮಾ?"

"ಸುಮ್ನಿರಿ. ನಾಯಿಗಳೇನು ದೂರು ಕೊಡಲ್ಲ."

ಹಾಗೆ ಹೇಳಿದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ. ಗುರುವಾರ ಅವರು ಡೀನ್ ಕೋಣೆಗೆ ಹೋಗಿ, ತಮ್ಮ ಹೆಸರಿನಲ್ಲಿರುವ ಯಾವ ಲೇಖನವೂ ತಮ್ಮದಲ್ಲ ಎಂದು ಹೇಳಿ ಬಂದರು.

ಆ ಸಂಜೆ ನಾನು ಪಟ್ಟಿಯನ್ನು ಮೊದಲ ಸಲ ಕೂತು ಓದಿದೆ. ನಾಯಿಗಳ ಮೂರು ಲೇಖನ ಹಾಳೆಯ ಈ ಮಗ್ಗುಲಲ್ಲಿದ್ದವು. ನಾಲ್ಕನೆಯ ಲೇಖನ ಹಾಳೆಯ ಹಿಂಬದಿಯಲ್ಲಿತ್ತು. ಆರ್ವಿಡ್ ಹಾಳೆ ತಿರುಗಿಸಿಯೇ ಇರಲಿಲ್ಲ. ಅಲ್ಲಿ ಸ್ಟಂಪ್ ನದಿಯ ಹೆಸರಿತ್ತು. ಬರೆದವಳು ಶೆಲ್ಬಿ ಕಾಡೊಟ್, ಎಂಟು ವರ್ಷದ ಹಿಂದೆ ಇದೇ ಕಾರಿಡಾರಿನಲ್ಲಿ ಒದ್ದೆ ಕಾಲಲ್ಲಿ ನಡೆದು ನನ್ನಿಂದ ಬೈಸಿಕೊಂಡ ಹುಡುಗಿ. ಜೊತೆಗೆ ಎ. ಹೌಟಲಾ. ನಮ್ಮ ಹೌಟಲಾ.

ಆ ಲೇಖನವನ್ನು ಪ್ರಿಂಟ್ ತೆಗೆದು ಓಡಿಹೋಗಿ ಅವರಿಗೆ ಕೊಟ್ಟೆ. ನಿಂತೇ ಓದಿದರು.

"ನೋಟ್‌ಬುಕ್ಕಿನ ಪ್ರತಿ ತಗೊಂಡು ಹೋಗಿದ್ಲು. ಇದು ನಂದೇ ಲೆಕ್ಕ" ಎಂದರು. "ಹೆಸರು ಹಾಕ್ಲಾ ಅಂತ ಕೇಳ್ಬೇಕಿತ್ತಲ್ವಾ?"

"ಕೇಳಿರ್ತಾಳೆ. ನೀವು ಮೇಲ್ ನೋಡ್ತೀರಾ?"

ನೋಡುವುದಿಲ್ಲ. 'ಮಹಾ ವಿದ್ವಾಂಸರೇ, ನಿಮ್ಮ ಅಮೂಲ್ಯ ಲೇಖನ ಕಳಿಸಿ' ಎಂದು ಕಂಡಕಂಡ ಪತ್ರಿಕೆಗಳಿಂದ ದಿನಕ್ಕೆ ಹತ್ತು ಪತ್ರ ಬರುತ್ತವೆ. ಎಲ್ಲವನ್ನೂ ಒಟ್ಟಿಗೆ ಅಳಿಸುತ್ತಾರೆ. ಅವಳದ್ದೂ ಅದರೊಳಗೇ ಹೋಗಿತ್ತು.

ಶುಕ್ರವಾರ ಇಬ್ಬರೂ ಡೀನ್ ಹತ್ತಿರ ಹೋದೆವು. ಮೇಡಂ ಕನ್ನಡಕ ತೆಗೆದು ಹಣೆ ಉಜ್ಜಿದರು.

"ಸೋಮವಾರ ನಾಲ್ಕು. ನಿನ್ನೆ ಒಂದೂ ಇಲ್ಲ. ಇವತ್ತು ಒಂದು. ಸಮಿತಿಗೆ ನಾನೇನ್ ಹೇಳ್ಲಿ? ಈ ಲೇಖನದಲ್ಲಿ ನಿಮ್ಮ ಪಾಲಿನ ಕೆಲಸ ಏನು ಅಂತ ಬರ್ದು ಸಹಿ ಹಾಕಿ."

ಮೇಡಂ ಕೊಟ್ಟ ಫಾರಂನಲ್ಲಿ ಹನ್ನೆರಡು ಗೆರೆ ಜಾಗವಿತ್ತು. ಆರ್ವಿಡ್ ಪೆನ್ನು ಹಿಡಿದು ತುಂಬಾ ಹೊತ್ತು ಕೂತರು. ಕಲ್ಪನೆ, ವಿನ್ಯಾಸ, ವಿಶ್ಲೇಷಣೆ, ಹೀಗೆ ಜನ ಬರೆಯುವ ದೊಡ್ಡ ಮಾತುಗಳನ್ನೆಲ್ಲ ನಾನು ಪಿಸುಗುಟ್ಟಿದೆ. ಅವರು 'ನಾನು ಎಣಿಸಿದೆ' ಎಂದಷ್ಟೇ ಬರೆದು ಸಹಿ ಹಾಕಿದರು. ಈ ಸಲ ನಾನು ಓದಿಯೇ ಕಳಿಸಿದೆ.

ಮೇ ಎರಡನೆಯ ವಾರ ಸಮಿತಿಯ ಪತ್ರ ಬಂತು. ಅವರು ನನ್ನ ಮೇಜಿನ ಬಳಿಯೇ ಲಕೋಟೆ ಒಡೆದು ಪತ್ರ ನನಗೆ ಕೊಟ್ಟರು. ಗಟ್ಟಿಯಾಗಿ ಓದಿದೆ. ಹುದ್ದೆ ಇನ್ನು ಮೂರು ವರ್ಷಕ್ಕೆ ಮುಂದುವರಿದಿದೆ. ಎರಡನೆಯ ಪ್ಯಾರಾಕ್ಕೆ ಬಂದಾಗ ಧ್ವನಿ ತಾನಾಗಿ ಇಳಿಯಿತು. ನಾಯಿಗಳ ಮಂಡಿ ಶಸ್ತ್ರಚಿಕಿತ್ಸೆಗೆ ತಾವು ಸಲ್ಲಿಸಿದ ಅಪೂರ್ವ ಕೊಡುಗೆಯನ್ನು ಸಮಿತಿ ಅಭಿಮಾನದಿಂದ ಸ್ಮರಿಸುತ್ತದೆ ಎಂದಿತ್ತು. ಕೆಳಗೆ ಏಳು ಜನರ ಸಹಿ. ನದಿಯ ಮಾತೇ ಇರಲಿಲ್ಲ.

ಆರ್ವಿಡ್ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಈ ಸಲ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಖಾಲಿಯಿತ್ತು.

"ವಿಲ್ಮಾ, ಕೆಲಸ ಕೊಟ್ಟಿರೋದು ನನಗಾ, ಅವನಿಗಾ?"