ಗೋಡೆಯ ಮೇಲಿನ ಗೋವಿನಜೋಳ

ಸೋನಾಬಾಯಿ ಅಕ್ಕಾರು ಸಿಟ್ಟು ಮಾಡಿದ್ದನ್ನು ನಮ್ಮೂರು ಅಂಕಲಿಯಲ್ಲಿ ಯಾರೂ ಕಂಡಿಲ್ಲ. ಆ ಮನೆಯ ಸಿಟ್ಟನ್ನೆಲ್ಲ ನಾನೊಬ್ಬಳೇ ಮಾಡುತ್ತಿದ್ದೆ. ನಾನು ಜಿನಮತಿ, ಅವರ ತಮ್ಮನ ಹೆಂಡತಿ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅಂತಾರೆ, ಬರೆದರೆ ಏನೂ ಆಗಲಿಕ್ಕಿಲ್ಲ: ಧನಪಾಲ.

ಅಕ್ಕಾರು ಹದಿನಾಲ್ಕನೆಯ ವರ್ಷಕ್ಕೆ ಕಾಗವಾಡಕ್ಕೆ ಮದುವೆಯಾಗಿ ಹೋದರು. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು ಹಿಡಿದು ತವರಿಗೆ ವಾಪಸು ಬಂದರು. ಅಂದಿನಿಂದ ಬಿಳಿ ಸೀರೆ, ಬಸದಿ ಮತ್ತು ಅಡುಗೆಮನೆ. ಬಾವಿಯ ನೀರನ್ನು ಅರಿವೆಯಲ್ಲಿ ಸೋಸದೆ ಒಂದು ತಂಬಿಗೆಯನ್ನೂ ತುಂಬುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರ ಬಾಯಿಗೂ ಅನ್ನವಿಲ್ಲ. ನನ್ನ ಎರಡೂ ಬಾಣಂತನ ಮಾಡಿದವರು ಅವರೇ. ನನಗೆ ಅತ್ತೆ ಇರಲಿಲ್ಲ. ಹಾಲಿನ ಕೆನೆ ತೆಗೆದು ಬಟ್ಟಲಲ್ಲಿ ಮುಚ್ಚಿಟ್ಟು, ‘ಯಾರ್ಗೂ ಹೇಳಬ್ಯಾಡ, ತಿಂದ್ಬಿಡು’ ಎಂದು ನನಗೆ ಕೊಡುತ್ತಿದ್ದರು. ಆ ಬಟ್ಟಲು ನನ್ನದು ಎಂದೇ ನಾನು ತಿಳಿದಿದ್ದೆ.

ಎಂಬತ್ತೈದನೆಯ ಇಸವಿಯಲ್ಲಿ ಚಿಕ್ಕೋಡಿಗೆ ಒಂದು ಸಣ್ಣ ಸರ್ಕಸ್ ಬಂದಿತ್ತು. ಆನೆಗಳಿಗೆ ಕಬ್ಬಿನ ಸೋಗೆ ಹಾಕುವ ಕೆಲಸ ನಮ್ಮ ಟ್ರ್ಯಾಕ್ಟರಿಗೆ ಸಿಕ್ಕಿತ್ತು. ಡೇರೆ ಕಿತ್ತ ದಿನ ಇವರು ಸೋಗೆ ಇಳಿಸಿ ಬರುವಾಗ ಟ್ರಾಲಿಯಲ್ಲಿ ಒಂದು ಪಂಜರ, ಅದರೊಳಗೆ ಕೋಳಿಯಷ್ಟು ದೊಡ್ಡದಾದ ಬಿಳಿ ಹಕ್ಕಿ. ತಲೆಯ ಮೇಲೆ ಹಳದಿ ತುರಾಯಿ. ಕಾಕಾಟುವಾ ಅಂತ ಅದರ ಜಾತಿ. ಸಣ್ಣ ಗಾಡಿ ಎಳೆಯುವ ಆಟ ಆಡುತ್ತಿತ್ತಂತೆ, ಈಗ ಎಳೆಯುವುದಿಲ್ಲವಂತೆ. ಅದಕ್ಕೆ ಆಟ ಕಲಿಸಿದ ಮುದುಕ ಕೊಟ್ಟು ಕಳಿಸಿದ್ದ. ಒಂಟಿ ಮಾತ್ರ ಬಿಡಬೇಡಿ, ಇವು ಎಂಬತ್ತು ವರ್ಷ ಬದುಕುತ್ತವೆ, ಒಬ್ಬರನ್ನು ಹಿಡಿದುಕೊಂಡರೆ ಅವರೇ ಇದಕ್ಕೆ ಲೋಕ ಎಂದು ಹೇಳಿ ಕಣ್ಣೊರೆಸಿಕೊಂಡನಂತೆ.

ಹಕ್ಕಿ ಅಕ್ಕಾರನ್ನು ಹಿಡಿದುಕೊಂಡಿತು. ಪಂಜರದ ಬಾಗಿಲು ತೆಗೆದದ್ದೇ ತಡ, ನಡೆದು ಬಂದು ಅವರ ಸೀರೆಯ ಸೆರಗು ಕಚ್ಚಿ, ಹೆಗಲೇರಿ, ಗದ್ದದ ಕೆಳಗೆ ತಲೆ ಇಟ್ಟಿತು. ಅಕ್ಕಾರು ಅಲ್ಲಾಡಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

‘ಮೋತಿ ಅಂತ ಕರೀತೇನಿ’ ಅಂದರು.

‘ಅಕ್ಕಾ, ಅದು ನಾಯಿ ಹೆಸ್ರವಾ!’ ಎಂದು ಇವರು ನಕ್ಕರು.

‘ಇರ್ಲಿ ಬಿಡೋ. ನಾಯೀನೂ ಜೀವಾನ.’

ಪಂಜರ ರಾತ್ರಿಗೆ ಮಾತ್ರ, ಬೆಕ್ಕಿನ ಹೆದರಿಕೆಗೆ. ಹಗಲೆಲ್ಲ ಅದು ಅಡುಗೆಮನೆಯ ಜಂತಿಯ ಮೇಲೆ. ಅಕ್ಕಾರು ಅದನ್ನು ನೇಮದ ಜೈನ ಶ್ರಾವಕನನ್ನಾಗಿ ಮಾಡಿಬಿಟ್ಟರು: ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ, ಹೊತ್ತು ಮುಳುಗಿದರೆ ಊಟ ಇಲ್ಲ. ಶೇಂಗಾ, ಗೋವಿನಜೋಳ, ಪೇರಲಹಣ್ಣು. ಕೆನೆಯ ಬಟ್ಟಲೂ ಅದರ ಮುಂದೆ ಹೋಯಿತು. ನಗಬೇಡಿ. ಎರಡು ಮಕ್ಕಳ ತಾಯಿ ನಾನು, ಒಂದು ಬಟ್ಟಲಿಗಾಗಿ ಹಕ್ಕಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ.

ಬರೀ ಬಟ್ಟಲಿನ ಮಾತಲ್ಲ. ಅದು ನಮ್ಮ ಬಾಗಿಲ ಚೌಕಟ್ಟು ಕಡಿದು ಪುಡಿ ಮಾಡಿತು. ನನ್ನ ಹೆಬ್ಬೆರಳನ್ನು ಎರಡು ಸಲ ಕಚ್ಚಿ ಹರಿಯಿತು. ಬೆಳಗೊಮ್ಮೆ ಸಂಜೆಗೊಮ್ಮೆ ಅದು ಚೀರಿದರೆ ಬಸ್ ಸ್ಟ್ಯಾಂಡಿನವರಿಗೂ ಕೇಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಅಕ್ಕಾರ ದನಿ ಕಲಿಯಿತು. ‘ಜಿನಮತೀ, ಚಾ ಆತೇನಬೇ?’ ಥೇಟ್ ಅವರೇ. ನಾನು ಕಪ್ಪು ಬಸಿ ಹಿಡಿದು ಓಡಿ ಬಂದರೆ ಜಂತಿಯ ಮೇಲೆ ಇದು ತುರಾಯಿ ಎತ್ತಿ, ಸರ್ಕಸ್ಸಿನಲ್ಲಿ ಕಲಿತಂತೆ ಬಗ್ಗಿ ಮುಜರೆ ಮಾಡುತ್ತಿತ್ತು. ಅಕ್ಕಾರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ. ಅದನ್ನು ನೋಡಿ ನನಗೆ ಸಂತೋಷ ಆಗಬೇಕಿತ್ತು.

ನಾಲ್ಕು ವರ್ಷ ಹೀಗೆ ಹೋಯಿತು. ಎಂಬತ್ತೊಂಬತ್ತರ ಮಳೆಗಾಲದಲ್ಲಿ ಒಬ್ಬ ಮುನಿ ಮಹಾರಾಜರು ನಮ್ಮೂರಿನಲ್ಲಿ ಚಾತುರ್ಮಾಸಕ್ಕೆ ನಿಂತರು. ಅವರು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡೇ, ಬೊಗಸೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಯಾರ ಮನೆಗೆ ಬರುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಎಲ್ಲರೂ ಅಡುಗೆ ಮಾಡಿ, ಕಳಶ ಹಿಡಿದು ಬಾಗಿಲಲ್ಲಿ ಕಾಯಬೇಕು. ತಿನ್ನುವಾಗ ಕೂದಲು ಸಿಕ್ಕರೆ, ಜೀವ ಹೋಗುವಂಥ ಕೂಗು ಕಿವಿಗೆ ಬಿದ್ದರೆ, ಅದು ಅಂತರಾಯ. ಅಲ್ಲಿಗೇ ಬೊಗಸೆ ಬಿಡುತ್ತಾರೆ. ಮರುದಿನದವರೆಗೆ ಒಂದು ಹನಿ ನೀರೂ ಇಲ್ಲ.

ಹನ್ನೊಂದು ದಿನ ಕಾದೆವು. ಹನ್ನೆರಡನೆಯ ದಿನ ಮಹಾರಾಜರು ನಮ್ಮ ಬಾಗಿಲಲ್ಲಿ ನಿಂತರು. ಮೋತಿಯನ್ನು ಪಂಜರಕ್ಕೆ ಹಾಕಿ, ಕಂಬಳಿ ಮುಚ್ಚಿ, ಹಿತ್ತಲ ಕೋಣೆಯಲ್ಲಿ ಇಟ್ಟಿದ್ದೆವು. ಮೂರು ತುತ್ತು ಆಗಿತ್ತು. ಅಕ್ಕಾರು ನೀರಿನ ತಂಬಿಗೆ ಎತ್ತಿ, ಮನ ಶುದ್ಧ, ವಚನ ಶುದ್ಧ ಎಂದು ಹೇಳತೊಡಗಿದರು. ಆ ದನಿ ಕೋಣೆಗೆ ಕೇಳಿಸಿತು. ಕತ್ತಲಲ್ಲಿ ಒಂಟಿಯಾಗಿದ್ದ ಹಕ್ಕಿ ಅವರಿಗಾಗಿ ಚೀರಿತು ನೋಡಿ, ಯಾರನ್ನೋ ಕೊಯ್ಯುತ್ತಿದ್ದಾರೆ ಎನ್ನುವ ಹಾಗೆ! ಮಹಾರಾಜರ ಬೊಗಸೆ ಬಿಚ್ಚಿತು. ಅವರು ಕೆಳಗೆ ಕುಳಿತರು. ನಗುಮುಖದಿಂದಲೇ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿ ಹೋದರು.

ಬೀದಿಯವರೆಲ್ಲ ನೋಡುತ್ತಿದ್ದರು. ನನ್ನ ತಲೆಗೆ ರಕ್ತವೇರಿತು.

‘ಒಂದು ಜೀವಾ ಕಟ್ಟಿಹಾಕಿದ ಮನಿಯಾಗ ಮಹಾರಾಜರ ಆಹಾರ ಹೆಂಗ ಆದೀತ್ರಿ ಅಕ್ಕಾರ? ಇದು ಪಾಪದ್ದ ಫಲ. ಬಿಟ್ಟಬಿಡ್ರಿ ಅದನ್ನ. ಅಭಯದಾನ ಆಗತೈತಿ.’

ಅಕ್ಕಾರು ಗೋಡೆಗೆ ಒರಗಿ ಕುಳಿತಿದ್ದರು. ‘ಅದಕ್ಕ ಹೊರಗ ಬದಕಾಕ ಗೊತ್ತೇನ ಜಿನಮತೀ?’ ಎಂದು ಕೇಳಿದರು.

‘ಹಕ್ಕಿಗೆ ಹಾರೂದ್ ಕಲಿಸ್ತಾರೇನ್ರಿ ಯಾರರ?’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಲ್ಲಿ ಧರ್ಮ ಇತ್ತು, ಹೊಟ್ಟೆಯಲ್ಲಿ ಮತ್ಸರ ಇತ್ತು. ಅದು ನನಗೆ ಆಗಲೇ ಗೊತ್ತಿತ್ತು. ಮರುದಿನ ಅಕ್ಕಾರನ್ನು ಮಹಾರಾಜರ ಹತ್ತಿರ ಕರೆದುಕೊಂಡು ಹೋದವಳೂ ನಾನೇ. ಅವರು ‘ಮಹಾರಾಜ್ರ, ಒಂದು ಹಕ್ಕಿ ಐತ್ರಿ...’ ಎಂದು ಬಾಯಿ ತೆರೆಯುವಷ್ಟರಲ್ಲಿ, ‘ಯಾವ ಜೀವಾನೂ ಕಟ್ಟಿ ಸಾಕೂದಿಲ್ಲಂತ ನೇಮಾ ಬೇಕಂತ್ರಿ ಅಕ್ಕಾರಿಗೆ’ ಎಂದುಬಿಟ್ಟೆ. ಮಹಾರಾಜರು ನೇಮ ಕೊಟ್ಟರು. ಕೇಳಿದ್ದನ್ನು ಕೊಟ್ಟರು, ಅವರದೇನು ತಪ್ಪು? ಅಕ್ಕಾರು ಹೇಳಿಕೊಳ್ಳಲು ಹೋದದ್ದು ಅವರ ಬಾಯಲ್ಲೇ ಉಳಿಯಿತು.

ಅಂದೇ ಹೊಳೆಯ ದಂಡೆಗೆ ಹೋದೆವು. ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಅಕ್ಕಾರು ಮೋತಿಯನ್ನು ಜಾಲಿಯ ಟೊಂಗೆಯ ಮೇಲೆ ಕೂರಿಸಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ಗೋವಿನಜೋಳವನ್ನು ಬುಡಕ್ಕೆ ಸುರಿದರು. ಅದು ಮತ್ತೆ ಅವರ ಹೆಗಲಿಗೆ ಬಂತು. ಮತ್ತೆ ಕೂರಿಸಿದರು, ಮತ್ತೆ ಬಂತು. ಮೂರನೆಯ ಸಲ ನಾನು ಚಪ್ಪಾಳೆ ಹೊಡೆದು ಬೆದರಿಸಿದೆ, ಅದು ಹಾರಿ ಮೇಲಿನ ಟೊಂಗೆಗೆ ಹೋಯಿತು. ಅಕ್ಕಾರು ಹಿಂದೆ ನೋಡದೆ ಮನೆಯವರೆಗೆ ನಡೆದರು. ಅದರ ಚೀರಾಟ ಕಬ್ಬಿನ ಹೊಲ ದಾಟುವವರೆಗೂ ಕೇಳುತ್ತಿತ್ತು. ಆ ಸಂಜೆ ನಾನು ಸದ್ದಿಲ್ಲದ ಮನೆಯಲ್ಲಿ ಕುಳಿತು ಚಹಾ ಕುಡಿದೆ. ಚಹಾ ರುಚಿಯಾಗಿತ್ತು. ಅದನ್ನೂ ಬರೆದುಬಿಡುತ್ತೇನೆ.

ಮೂರನೆಯ ದಿನ ಇಳಿಹೊತ್ತು. ಮನೆಯಲ್ಲಿ ಯಾರೂ ಇಲ್ಲ, ಅಕ್ಕಾರು ಬಸದಿಗೆ ಹೋಗಿದ್ದಾರೆ ಎಂದುಕೊಂಡು ನಾನು ಹಿತ್ತಲಲ್ಲಿ ಅರಿವೆ ತೆಗೆಯುತ್ತಿದ್ದೆ.

‘ಜಿನಮತೀ, ಚಾ ಆತೇನಬೇ?’

ಬಂದೆ ಅಕ್ಕಾರ ಎಂದು ತಿರುಗಿದರೆ ಹಿತ್ತಲ ಗೋಡೆಯ ಮೇಲೆ ಮೋತಿ. ಮೈಯೆಲ್ಲ ಕೆಸರು. ಕಾಗೆಗಳು ಕುಕ್ಕಿ ಬಾಲದ ಬುಡ ಕೆಂಪಾಗಿತ್ತು. ತುರಾಯಿಯ ಎರಡು ಗರಿ ಮುರಿದಿದ್ದವು. ನನ್ನನ್ನು ನೋಡಿ ಆ ಮುರಿದ ತುರಾಯಿ ಎತ್ತಿ, ಬಗ್ಗಿ, ಮುಜರೆ ಮಾಡಿತು. ಆಟ ಚೆನ್ನಾಗಿ ಆಡಿದರೆ ಒಳಗೆ ಬಿಡುತ್ತಾರೆ ಎಂದು ಅದು ತಿಳಿದಿತ್ತು. ಮತ್ತೆ ಕರೆಯಿತು, ಮತ್ತೆ ಮುಜರೆ ಮಾಡಿತು.

ಅರಿವೆ ಹಾಕುವ ಗಳ ಕೈಯಲ್ಲಿತ್ತು. ಎತ್ತಿ ಗೋಡೆಗೆ ಬಡಿದೆ. ‘ಹೋಗ್! ಹೋಗ್ಲೇ!’ ಹೋಗಲಿಲ್ಲ. ಒಲೆಗೆಂದು ಇಟ್ಟಿದ್ದ ಸಗಣಿಯ ಕುಳ್ಳು ಎತ್ತಿ ಬೀಸಿದೆ. ರೆಕ್ಕೆಗೆ ತಾಗಿತು. ಆಗ ಹೋಯಿತು.

ಮರುದಿನ ಬೆಳಿಗ್ಗೆ ಕುರಿ ಕಾಯುವ ಮಾಯಪ್ಪ ಹಿತ್ತಲ ಬಾಗಿಲಿಗೆ ಬಂದ. ಕಂಬಳಿಯ ತುದಿಯಲ್ಲಿ ಏನೋ ಸುತ್ತಿ ತಂದಿದ್ದ.

‘ಬಾಯಾರ, ನಿಮ್ಮ ಹಿತ್ತಲದ ಹಿಂದಿನ ಬೇವಿನ ಗಿಡದ ಬುಡಕ ಬಿದ್ದಿತ್ರಿ. ಸೋನಕ್ಕಾರದಲ್ರಿ ಇದು?’

ನಾನು ಕೈಯಿಟ್ಟು ನೋಡಿದೆ. ನನ್ನನ್ನು ಕಚ್ಚದೆ ಅದು ಸುಮ್ಮನಿದ್ದದ್ದು ಅದೇ ಮೊದಲು.

‘ಅಲ್ಲೇ ಬುಡದಾಗ ಹುಗದಬಿಡು ಮಾಯಪ್ಪ. ಅಕ್ಕಾರಿಗೆ ಹೇಳಬ್ಯಾಡ. ಎದಿ ಒಡಕೋತಾರ.’

‘ಆತ್ರಿ’ ಎಂದು ಹೋದ. ಒಳ್ಳೆಯ ಮನುಷ್ಯ, ನಾನು ಅಕ್ಕಾರ ಮೇಲಿನ ಮಮತೆಗೆ ಹೇಳಿದೆ ಎಂದೇ ನಂಬಿದ.

ಅಂದು ಸಂಜೆಯಿಂದಲೇ ಅಕ್ಕಾರು ಹಿತ್ತಲ ಗೋಡೆಯ ಮೇಲೆ ಒಂದು ಹಿಡಿ ಗೋವಿನಜೋಳ ಇಡತೊಡಗಿದರು, ಹೊತ್ತು ಮುಳುಗುವ ಮುಂಚೆ. ಬೆಳಗಾದರೆ ಅಳಿಲು, ಗುಬ್ಬಿ, ಕಾಗೆ ಅದನ್ನು ಮುಗಿಸುತ್ತಿದ್ದವು. ಕಾಳು ಇಲ್ಲದ್ದನ್ನು ನೋಡಿ ಅಕ್ಕಾರು ಗೋಡೆಯನ್ನು ಸೆರಗಿನಿಂದ ಒರೆಸುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಎಂಟು ವರ್ಷ ನೋಡಿದೆ. ಕೆನೆಯ ಬಟ್ಟಲು ಮತ್ತೆ ನನಗೆ ಬಂತು. ನಾನು ಅದನ್ನು ಮಕ್ಕಳಿಗೆ ಕೊಡುತ್ತಿದ್ದೆ.

ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಎಂಬ ದಿನ ಬರುತ್ತದೆ. ಮನೆಯವರು, ನೆರೆಯವರು, ವರ್ಷವಿಡೀ ಮಾತು ಬಿಟ್ಟವರು ಕೂಡ, ಒಬ್ಬರಿಗೊಬ್ಬರು ಕೈಮುಗಿದು ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಯಾವ ತಪ್ಪು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ. ಅದು ನನಗೆ ಬಹಳ ಅನುಕೂಲವಾಯಿತು. ಪ್ರತಿ ವರ್ಷ ನಾನು ಅಕ್ಕಾರ ಕಾಲು ಹಿಡಿದು, ‘ತಪ್ಪಾಗಿದ್ರ ಕ್ಷಮಾ ಮಾಡ್ರಿ ಅಕ್ಕಾರ’ ಎನ್ನುತ್ತಿದ್ದೆ. ‘ಕ್ಷಮಾ ಐತವಾ, ನನಗೂ ಕ್ಷಮಾ ಮಾಡು’ ಎಂದು ತಲೆ ಮುಟ್ಟುತ್ತಿದ್ದರು. ಅವರ ಕೈ ಒಂದು ಗಳಿಗೆ ಹೆಚ್ಚು ನಿಂತರೂ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದೆ.

ತೊಂಬತ್ತೇಳರ ಕ್ಷಮಾವಣಿಗೆ ಅಕ್ಕಾರು ಹಾಸಿಗೆ ಹಿಡಿದಿದ್ದರು. ಕಾಳಿನ ಹಿಡಿಯನ್ನು ಆಗ ನನ್ನ ಕೈಲೇ ಇಡಿಸುತ್ತಿದ್ದರು. ನಾನು ಕಾಲು ಹಿಡಿಯಲು ಬಗ್ಗಿದರೆ ಕೈ ಹಿಡಿದು ತಡೆದರು.

‘ಈ ಸಲ ಮೊದಲ ನಾ ಕೇಳ್ತೇನಿ. ಬಿಡಿಸಿ ಕೇಳ್ತೇನಿ. ಮೋತಿ ತಿರುಗಿ ಬಂದಿತ್ತಲ್ಲ, ಆವತ್ತ ನಾ ಬಸದಿಗೆ ಹೋಗಿದ್ದಿಲ್ಲ ಜಿನಮತೀ. ಒಳಗಿನ ಕ್ವಾಣ್ಯಾಗ ಸಾಮಾಯಿಕಕ್ಕ ಕುಂತಿದ್ನಿ.’

ಸಾಮಾಯಿಕ ಎಂದರೆ ಎರಡು ಗಳಿಗೆ ಅಲ್ಲಾಡದೆ, ಮಾತಾಡದೆ ಕುಳಿತು ಮಾಡುವ ಧ್ಯಾನ. ನಡುವೆ ಏಳುವಂತಿಲ್ಲ.

‘ಅದು ನನ್ನ ದನೀಲೆ ಕರೀತು. ಎಲ್ಲಾ ಕೇಳ್ಸಿತು. ಗಳಾ ಬಡದದ್ದೂ ಕೇಳ್ಸಿತು. ಎದ್ದು ಬರಬೌದಾಗಿತ್ತು. ನೇಮಾ ಮುರೀತೈತಿ ಅಂತ ಕುಂತ್ನಿ. ನಾ ಮಾಡಬೇಕಾದ ಪಾಪ ನಿನ್ನ ಕೈಲೆ ಆತು. ಎಂಟ ವರ್ಷ ನೀ ಒಬ್ಬಾಕೀನ ಹೊತ್ತಿ. ನನಗ ಕ್ಷಮಾ ಮಾಡವಾ.’

ನಾನು ಅತ್ತುಬಿಟ್ಟೆ. ‘ಹಂಗ ಅನಬ್ಯಾಡ್ರಿ ಅಕ್ಕಾರ, ಕ್ಷಮಾ ಐತ್ರಿ’ ಎಂದೆ. ನಾನು! ಅವರಿಗೆ! ದೊಡ್ಡ ಮನಸ್ಸಿನವಳ ಹಾಗೆ ಅವರ ಕೈ ಸವರಿದೆ. ಮತ್ಸರದ ಮಾತು, ಮಹಾರಾಜರ ಮುಂದೆ ಬಾಯಿ ಮುಚ್ಚಿಸಿದ ಮಾತು, ಮಾಯಪ್ಪನ ಮಾತು, ಮೂರೂ ನಾಲಗೆಯ ತುದಿಗೆ ಬಂದವು.

ಅಷ್ಟರಲ್ಲಿ ಅಕ್ಕಾರು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು: ‘ಎಂಬತ್ತ ವರ್ಷ ಬದುಕ್ತಾವಂತ ಆ ಸರ್ಕಸ್‍ನವಾ ಹೇಳಿದ್ನಲ್ಲ? ಹಂಗಾರ ಎಲ್ಲೇರ ಇರಬೇಕಲ್ಲ ಅದು?’

ಬೇವಿನ ಗಿಡ ಆ ಕಿಟಕಿಯಿಂದ ಕಾಣುತ್ತದೆ.

‘ಹೌದ್ರಿ ಅಕ್ಕಾರ’ ಎಂದೆ. ‘ನಿನ್ನೀನೂ ಬಂದು ಕಾಳ ತಿಂದು ಹೋಗೇತ್ರಿ.’