ಸುಗಂಧಿ ಸೂತ್ರ

ಕಳೆದ ತಿಂಗಳ ಮೊದಲ ಸೋಮವಾರ, ಕಾರ್ಕಳದಲ್ಲಿ ನಾನು ಓದಿದ ಪ್ರೌಢಶಾಲೆಯ ಗುಮಾಸ್ತರು ನನ್ನ ಕೈಗೆ ಎರಡು ಜೆರಾಕ್ಸ್ ಹಾಳೆ ಕೊಟ್ಟರು. ಶಾಲೆ ಹೊಸ ಕಟ್ಟಡಕ್ಕೆ ಹೋಗುವುದರಿಂದ ಕಡತ ಜೋಡಿಸುತ್ತಿದ್ದರಂತೆ, ನನ್ನ ಹೆಸರು ಕಂಡಿತಂತೆ. ಒಂದು ಹಾಳೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನು ಬರೆದ ಗಣಿತದ ಉತ್ತರ. ಮೂರು, ಏಳು, ಹನ್ನೊಂದು ಎಂದು ಸಾಗುವ ಶ್ರೇಢಿಯ ಮೊದಲ ಇಪ್ಪತ್ತು ಪದಗಳ ಮೊತ್ತ ಎಂಟುನೂರ ಇಪ್ಪತ್ತು. ಉತ್ತರ ಸರಿ, ಅಂಕ ಸೊನ್ನೆ. ನಾನು ಬರೆದ 'ಸುಗಂಧಿ ಸೂತ್ರದ ಪ್ರಕಾರ' ಎಂಬ ಮಾತಿನ ಸುತ್ತ ವೃತ್ತ ಎಳೆದಿದ್ದರು. ಕೆಂಪು ಶಾಯಿ ಜೆರಾಕ್ಸಿನಲ್ಲಿ ಕಪ್ಪಾಗಿತ್ತು.

ಇನ್ನೊಂದು ಹಾಳೆ ವಿಚಾರಣಾ ವರದಿ. ಅದಕ್ಕೆ ಆಮೇಲೆ ಬರುತ್ತೇನೆ.

ಗಣಿತ ಟೀಚರ್ ಊರು ಕಟಪಾಡಿ. ದಿನವೂ ಎರಡು ಬಸ್ಸು ಹಿಡಿದು ಬರುತ್ತಿದ್ದರು. ಮನೆಯಲ್ಲಿ ಬ್ಯಾರಿ ಭಾಷೆ, ಬಸ್ಸಿನಲ್ಲಿ ತುಳು, ನಮ್ಮೊಡನೆ ಕನ್ನಡ. ಶ್ರೇಢಿಯ ಪಾಠ ಶುರುವಾದ ದಿನ ಅವರು ಚೀಲ ತುಂಬ ಹುಣಸೆ ಬೀಜ ತಂದು ಹಂಚಿದರು. ಒಂದು, ಎರಡು, ಮೂರು ಎಂದು ಹತ್ತು ಸಾಲು ಜೋಡಿಸಬೇಕು, ಒಂದೊಂದಾಗಿ ಎಣಿಸದೆ ಒಟ್ಟು ಎಷ್ಟೆಂದು ಹೇಳಬೇಕು.

"ಸೂತ್ರ ಪುಸ್ತಕದಲ್ಲೇ ಉಂಟಲ್ವಾ ಟೀಚರ್?" ಎಂದ ಹಿಂದಿನ ಬೆಂಚಿನ ಒಬ್ಬ.

"ಪೇಪರಿನಲ್ಲಿ ಮೀನು ಸಾರಿನ ಫೋಟೋ ಕೂಡ ಬರ್ತದೆ. ನೋಡಿದ್ರೆ ಹೊಟ್ಟೆ ತುಂಬ್ತದಾ ಮಾರಾಯ?"

ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸುಗಂಧಿ ನನ್ನ ಬೀಜಗಳನ್ನೆಲ್ಲ ಎಳೆದುಕೊಂಡಳು. ಅವಳ ಒಂದರ ಸಾಲಿಗೆ ನನ್ನ ಹತ್ತು, ಅವಳ ಎರಡರ ಸಾಲಿಗೆ ನನ್ನ ಒಂಬತ್ತು... ಎಲ್ಲ ಸಾಲಿನಲ್ಲೂ ಹನ್ನೊಂದೇ ಬಂತು.

"ಹತ್ತು ಹನ್ನೊಂದಲಿ ನೂರಹತ್ತು ಟೀಚರ್. ಆದ್ರೆ ಅರ್ಧ ಇವಳದ್ದು. ವಾಪಸ್ ಕೊಡ್ಬೇಕು."

"ಕೊಟ್ಟರೆ?"

"ಐವತ್ತೈದು."

ಮೊದಲ ಪದಕ್ಕೆ ಕೊನೆಯ ಪದ ಕೂಡಿಸು, ಎಷ್ಟು ಪದ ಉಂಟೋ ಅಷ್ಟರಿಂದ ಗುಣಿಸು, ಅರ್ಧ ಮಾಡು. ಟೀಚರ್ ಹಲಗೆಯ ಮೇಲೆ ಇಷ್ಟನ್ನು ಬರೆದು ಮೇಲೆ 'ಸುಗಂಧಿ ಸೂತ್ರ' ಎಂದು ತಲೆಬರಹ ಕೊಟ್ಟರು. ಮರುದಿನ ಪುಸ್ತಕದ ಸೂತ್ರವನ್ನೂ ಬರೆಸಿ, ಎರಡೂ ಒಂದೇ ಎಂದು ತೋರಿಸಿದರು. ನಮಗೆ ಮಾತ್ರ ಹೆಸರು ನಾಲಿಗೆಗೆ ಕೂತಿತ್ತು. ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇಡೀ ತರಗತಿ ಅದನ್ನೇ ಬರೆಯಿತು. ಸುಗಂಧಿಯೂ ಬರೆದಳು.

ಉತ್ತರ ಪತ್ರಿಕೆಗಳನ್ನು ತಿದ್ದಿದ್ದು ಬೇರೆ ಶಾಲೆಯವರು. ಎಲ್ಲ ಮಕ್ಕಳೂ ಯಾರಿಗೂ ಗೊತ್ತಿಲ್ಲದ ಒಂದೇ ಹೆಸರು ಬರೆದಿದ್ದಾರೆ ಎಂದರೆ ನಕಲು ಎಂದು ಅವರು ದೂರು ಕಳಿಸಿದರು. ಅನುಮಾನ ಬಂದದ್ದು ತಪ್ಪಲ್ಲ. ಆಮೇಲೆ ನಡೆದದ್ದು ತಪ್ಪು.

ಆ ದಿನ ನಾನು ಸೀಮೆಸುಣ್ಣದ ಡಬ್ಬಿ ತರಲು ಹೋಗಿ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಟೀಚರ್ ಹೇಳುತ್ತಿದ್ದರು: "ಸುಗಂಧಿ ಅಂದ್ರೆ ನಮ್ಮ ಹುಡುಗಿ ಸರ್. ಕರೀರಿ ಅವಳನ್ನು. ಎರಡು ನಿಮಿಷದ ಕೆಲಸ."

"ಮಕ್ಕಳನ್ನು ಇದಕ್ಕೆ ಎಳೀಬೇಡಿ ಟೀಚರ್. ಶಾಲೆಯ ಮಾನ ಉಂಟಲ್ವಾ? ನೀವಾಗಿ ಬಿಟ್ಟು ಹೋದ್ರೆ ಎಲ್ಲರಿಗೂ ಒಳ್ಳೇದು."

ಸುಗಂಧಿ ಹತ್ತು ಹೆಜ್ಜೆ ಆಚೆ, ಎರಡನೇ ಬೆಂಚಿನಲ್ಲಿದ್ದಳು. ಯಾರೂ ಕರೆಯಲಿಲ್ಲ. ನಾನೂ ಬಾಯಿ ತೆರೆಯದೆ ಡಬ್ಬಿ ತೆಗೆದುಕೊಂಡು ತರಗತಿಗೆ ಮರಳಿದೆ. ಮರುವಾರ ಟೀಚರ್ ಬರಲಿಲ್ಲ.

ಇಪ್ಪತ್ತು ವರ್ಷಗಳ ಮೇಲೆ ವರದಿ ಓದಿದೆ. ಅದರಲ್ಲಿ ಹೀಗಿದೆ: 'ಸುಗಂಧಿ ಎಂಬ ಹೆಸರಿನ ಗೈಡಿನಿಂದ ಸಾಮೂಹಿಕ ನಕಲು ನಡೆದಿದ್ದು, ಶಿಕ್ಷಕಿಯ ಸಹಕಾರ ಕಂಡುಬಂದಿದೆ.' ಅಂಥ ಗೈಡನ್ನು ಯಾರೂ ತೋರಿಸಿಲ್ಲ, ಯಾರೂ ಕೇಳಿಲ್ಲ. ಮೂವರು ಸಹಿ ಹಾಕಿದ್ದಾರೆ. ಅದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಸುಗಂಧಿಯ ಹೆಸರಿತ್ತು. ತೆರೆದು ನೋಡುವಷ್ಟು ಶ್ರಮವನ್ನೂ ಆ ಮೂವರು ತೆಗೆದುಕೊಳ್ಳಲಿಲ್ಲ. ನಾನು ಕೆಲಸ ಮಾಡುವ ದಿನಪತ್ರಿಕೆಯಲ್ಲಿ ಇಂಥ ವರದಿ ಬರೆದು ತಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ಯಾರನ್ನು ಮಾತಾಡಿಸಿದಿರಿ ಎಂದು. ಇವರು ಯಾರನ್ನೂ ಮಾತಾಡಿಸಿರಲಿಲ್ಲ.

ಟೀಚರ್ ಆಮೇಲೆ ಕಾಪುವಿನ ಒಂದು ಶಾಲೆಯಲ್ಲಿ ಕೆಲಸ ಕೇಳಿದ್ದರಂತೆ. ನಕಲಿನ ಸುದ್ದಿ ಅವರಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಕಟಪಾಡಿಯಲ್ಲಿ ತಮ್ಮನ ಬಟ್ಟೆ ಅಂಗಡಿಯಲ್ಲಿ ಕೂತರು. ಒಮ್ಮೆ ಬಸ್ಸಿನ ಕಿಟಕಿಯಿಂದ ಕಂಡಿದ್ದೆ, ಬಟ್ಟೆ ಅಳೆಯುತ್ತಿದ್ದರು... ನಾನು ಇಳಿಯಲಿಲ್ಲ. ಎರಡು ವರ್ಷದ ಹಿಂದೆ ಮಣಿಪಾಲದಲ್ಲಿ ಚಿಕಿತ್ಸೆಯಲ್ಲಿದ್ದಾಗ ತೀರಿಕೊಂಡರು. ಮತ್ತೆ ಯಾವ ಶಾಲೆಯಲ್ಲೂ ಅವರು ಪಾಠ ಮಾಡಲಿಲ್ಲ.

ಸುಗಂಧಿಗೆ ಬಜಗೋಳಿಯಲ್ಲಿ ಹೊಲಿಗೆ ಅಂಗಡಿ ಇದೆ. ಫೋನಿನಲ್ಲಿ ವರದಿ ಓದಿ ಹೇಳಿದೆ.

"ನಾನು ಗೈಡ್ ಅಂತಾ ಮಾರಾಯ್ತಿ? ಯಾವ ಅಂಗಡಿಯಲ್ಲಿ ಸಿಗ್ತೇನಂತೆ?" ಎಂದಳು. ಆಮೇಲೆ, "ನನ್ನ ಹೆಸರು ಹಾಕಿದ್ದಕ್ಕೇ ಅವರ ಕೆಲಸ ಹೋದದ್ದಾ? ಅದನ್ನು ನನಗೆ ಯಾಕೆ ಯಾರೂ ಹೇಳ್ಲಿಲ್ಲ?"



ಮೂರು ವಾರದ ಹಿಂದೆ ನಾವಿಬ್ಬರೂ ಶಾಲೆಯ ಆಡಳಿತ ಮಂಡಳಿಗೆ ಅರ್ಜಿ ಕೊಟ್ಟೆವು. ವರದಿ ಸುಳ್ಳೆಂದು ಕಡತದಲ್ಲಿ ದಾಖಲಿಸಬೇಕು ಎಂಬ ಒಂದೇ ಕೋರಿಕೆ. ಟೀಚರ್ ತೀರಿಕೊಂಡ ವಿಷಯ ಮೊದಲ ಸಾಲಿನಲ್ಲೇ ಇದೆ. ಸುಗಂಧಿ ತನ್ನ ಹತ್ತನೇ ತರಗತಿಯ ಅಂಕಪಟ್ಟಿಯ ಪ್ರತಿಯನ್ನೂ ಲಗತ್ತಿಸಿದ್ದಳು.

ನಿನ್ನೆ ಉತ್ತರ ಬಂತು. ವರದಿಯ ಬಗ್ಗೆ ಆಕ್ಷೇಪವಿದ್ದಲ್ಲಿ ಸಂಬಂಧಪಟ್ಟ ಶಿಕ್ಷಕಿಯೇ ಖುದ್ದಾಗಿ ಹಾಜರಾಗಿ ಅರ್ಜಿ ಸಲ್ಲಿಸಬೇಕು ಎಂದಿದೆ.